ಫ್ರಿಜ್ ಬಾಗಿಲಿನ ರಬ್ಬರ್: ತಂಪು ಸೋರುವ ಜಾಗ ಹುಡುಕಿ, ನೀವೇ ಸರಿಮಾಡಿ

ಕರೆಂಟ್ ಬಿಲ್ ಜಾಸ್ತಿ ಬಂತು ಅಂದರೆ ಎಲ್ಲರೂ ಮೊದಲು ಲೈಟ್ ಆರಿಸಲು ಓಡುತ್ತಾರೆ. ಒಳ್ಳೆಯದೇ. ಆದರೆ 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬ್ ಒಂದು ಯೂನಿಟ್ ಮುಗಿಸಲು ಸುಮಾರು 111 ಗಂಟೆ ಉರಿಯಬೇಕು. ಅತ್ತ ಫ್ರಿಜ್ ಮಾತ್ರ ವರ್ಷಪೂರ್ತಿ ಹಗಲು ರಾತ್ರಿ ದುಡಿಯುತ್ತಲೇ ಇರುತ್ತದೆ. ಅದರ ಬಾಗಿಲಿನ ಸುತ್ತ ಇರುವ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಸಡಿಲವಾಗಿದ್ದರೆ ತಂಪು ಹೊರಗೆ ಹೋಗುತ್ತದೆ, ಬಿಸಿ ಗಾಳಿ ಒಳಗೆ ಬರುತ್ತದೆ, ಕಂಪ್ರೆಸರ್‌ಗೆ ಬಿಡುವೇ ಇರುವುದಿಲ್ಲ.

ಆಗ ಹೆಚ್ಚಿನವರು ಮಾಡುವುದೇನು? ಒಳಗೆ ತಂಪು ಸಾಲದು ಅಂತ ಥರ್ಮೋಸ್ಟಾಟ್ ಇನ್ನಷ್ಟು ತಿರುಗಿಸುತ್ತಾರೆ. ತೂತಾದ ಬಕೆಟ್ಟಿಗೆ ನಲ್ಲಿ ಜೋರು ಮಾಡಿದ ಹಾಗೆ ಆಯ್ತು, ಅಲ್ವಾ? ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ನೋಡಲು ಬಂದ ಮೆಕ್ಯಾನಿಕ್ ಗ್ಯಾಸ್ ತುಂಬಿಸಬೇಕು ಅಂದ. ಅವನು ಹೋದ ಮೇಲೆ ಬಾಗಿಲಿನ ಸುತ್ತ ಬೆರಳಾಡಿಸಿ ನೋಡಿದೆ. ಹಿಂಜ್ ಇರುವ ಕಡೆ, ಕೆಳಗಿನ ಮೂಲೆಯಲ್ಲಿ, ಹೆಬ್ಬೆರಳಿನಷ್ಟು ಉದ್ದಕ್ಕೆ ರಬ್ಬರ್ ಒಳಕ್ಕೆ ಮಡಚಿಕೊಂಡಿತ್ತು. ಇದ್ದ ತೊಂದರೆ ಅಷ್ಟೇ.

ಹೆಜ್ಜೆ 1: ಕಾಗದದ ಪರೀಕ್ಷೆ

ಎರಡು ಬೆರಳು ಅಗಲದ ಒಂದು ಕಾಗದದ ಪಟ್ಟಿ ಸಾಕು. ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಹಿಡಿದು ಬಾಗಿಲು ಮುಚ್ಚಿ. ಮೆಲ್ಲಗೆ ಎಳೆಯಿರಿ. ರಬ್ಬರ್ ಅದನ್ನು ಕಚ್ಚಿ ಹಿಡಿದಂತೆ ಅನಿಸಬೇಕು. ಸುಮ್ನೆ ಜಾರಿ ಬಂದರೆ ಅಲ್ಲಿ ಸೋರಿಕೆ ಇದೆ.

ಈ ಪರೀಕ್ಷೆ ಎಲ್ಲರಿಗೂ ಗೊತ್ತು. ಆದರೆ ಮಾಡುವವರಲ್ಲಿ ಹೆಚ್ಚಿನವರು ತಪ್ಪು ಮಾಡುತ್ತಾರೆ. ಹಿಡಿಕೆಯ ಹತ್ತಿರ ಒಂದೇ ಸಲ ಎಳೆದು ನೋಡಿ ಸರಿಯಿದೆ ಅಂದುಬಿಡುತ್ತಾರೆ. ಅಲ್ಲಿ ರಬ್ಬರ್ ಕೆಡುವುದು ಕಡಿಮೆ. ನಾಲ್ಕೂ ಬದಿಯಲ್ಲಿ ಗೇಣಿಗೊಂದು ಕಡೆ ಎಳೆದು ನೋಡಬೇಕು. ಹಿಂಜ್ ಬದಿಯನ್ನು ಬಿಡಲೇಬೇಡಿ. ಬಾಗಿಲು ತಿರುಗುವಾಗ ರಬ್ಬರ್ ಉಜ್ಜಿಕೊಂಡು ಮಡಚುವುದು ಅಲ್ಲೇ. ಇನ್ನೊಂದು ತಪ್ಪು, ಬಾಗಿಲನ್ನು ಕೈಯಿಂದ ಒತ್ತಿ ಹಿಡಿದುಕೊಂಡೇ ಕಾಗದ ಎಳೆಯುವುದು. ಒತ್ತಿದರೆ ಕೆಟ್ಟ ರಬ್ಬರ್ ಕೂಡ ಪಾಸಾಗುತ್ತದೆ. ದಿನಾ ಹೇಗೆ ಮುಚ್ಚುತ್ತೀರೋ ಹಾಗೇ ಮುಚ್ಚಿ, ಕೈ ಬಿಡಿ, ಆಮೇಲೆ ಎಳೆಯಿರಿ. ಸಡಿಲ ಸಿಕ್ಕಿದ ಕಡೆಯೆಲ್ಲ ಒಂದು ಚೂರು ಟೇಪ್ ಅಂಟಿಸಿ ಗುರುತು ಮಾಡಿ.

ಕೆಲವರು ಒಳಗೆ ಟಾರ್ಚ್ ಉರಿಸಿಟ್ಟು, ಕತ್ತಲಲ್ಲಿ ಬೆಳಕು ಸೋರುತ್ತದಾ ಅಂತ ನೋಡುತ್ತಾರೆ. ನನಗೆ ಕಾಗದವೇ ಸರಿ. ರಬ್ಬರ್ ತಾಗಿದೆ ಆದರೆ ಬಿಗಿಯಿಲ್ಲ ಅನ್ನುವ ಜಾಗ ಟಾರ್ಚಿಗೆ ಗೊತ್ತಾಗುವುದಿಲ್ಲ.

ಹೆಜ್ಜೆ 2: ತೊಳೆಯಿರಿ

ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ, ಒಂದು ಹಳೆಯ ಟೂತ್‌ಬ್ರಷ್. ಮಡಿಕೆಗಳನ್ನು ಬಿಡಿಸಿ ಒಳಗಿನ ಜಿಡ್ಡು ತೆಗೆಯಿರಿ. ರಬ್ಬರ್ ಬಂದು ಕೂರುವ ಕಬ್ಬಿಣದ ಚೌಕಟ್ಟನ್ನೂ ಒರೆಸಿ. ಅದನ್ನೇ ಎಲ್ಲರೂ ಮರೆಯುವುದು. ರಬ್ಬರಿನೊಳಗೆ ಆಯಸ್ಕಾಂತದ ಪಟ್ಟಿ ಇದೆ. ನಡುವೆ ಕೊಳೆ ಕೂತರೆ ಅದರ ಹಿಡಿತ ಕಡಿಮೆಯಾಗುತ್ತದೆ. ಬ್ಲೀಚ್, ಸೀಮೆಎಣ್ಣೆ, ಥಿನ್ನರ್ ಮುಟ್ಟಿಸಬೇಡಿ. ರಬ್ಬರ್ ಹಾಳಾಗುತ್ತದೆ. ಒಣಗಿಸಿ, ಮತ್ತೆ ಕಾಗದ ಎಳೆದು ನೋಡಿ. ಕೆಲವು ಗುರುತುಗಳು ಇಲ್ಲಿಗೇ ಸರಿಹೋಗಿರುತ್ತವೆ.

ಹೆಜ್ಜೆ 3: ಮಡಚಿದ ರಬ್ಬರನ್ನು ದಾರಿಗೆ ತರುವುದು

ಕಷ್ಟದ ಕೆಲಸ ಇದೇ. ಅವಸರ ಮಾಡಬೇಡಿ.

ಬೇಕಾದದ್ದು ಹೇರ್ ಡ್ರೈಯರ್. ಕಡಿಮೆ ಬಿಸಿಗೆ ಇಟ್ಟು, ರಬ್ಬರಿನಿಂದ ಒಂದು ಗೇಣು ದೂರದಲ್ಲಿ ಹಿಡಿದು, ಆಚೆ ಈಚೆ ಆಡಿಸುತ್ತಿರಿ. ಒಂದೇ ಕಡೆ ನಿಲ್ಲಿಸಿದರೆ ರಬ್ಬರ್ ಸೊಟ್ಟಗಾಗುತ್ತದೆ, ಒಳಗಿನ ಪ್ಲಾಸ್ಟಿಕ್ ಕೂಡ ಕೆಡಬಹುದು. ಎರಡು ಮೂರು ನಿಮಿಷಕ್ಕೆ ರಬ್ಬರ್ ಮೆತ್ತಗಾಗುತ್ತದೆ. ಬೆರಳಿಗೆ ತಡೆದುಕೊಳ್ಳುವಷ್ಟು ಬಿಸಿ ಸಾಕು. ಆಗ ಮಡಚಿದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಹೊರಕ್ಕೆ ಎಳೆಯಿರಿ, ಬೇಕಾದ್ದಕ್ಕಿಂತ ಒಂದು ಕೂದಲು ಜಾಸ್ತಿಯೇ.

ಇಲ್ಲಿ ಎಲ್ಲರೂ ಕೈಬಿಟ್ಟುಬಿಡುತ್ತಾರೆ. ಬಿಡಬೇಡಿ. ಪೂರ್ತಿ ತಣ್ಣಗಾಗುವ ತನಕ ಹಾಗೇ ಹಿಡಿದಿರಿ. ರಬ್ಬರ್ ಹೊಸ ಆಕಾರ ಕಲಿಯುವುದು ಬಿಸಿಯಾದಾಗ ಅಲ್ಲ, ಆರುವಾಗ. ಕೈ ನೋಯುತ್ತದೆ, ನಿಜ. ಆದರೆ ಅರ್ಧಕ್ಕೆ ಬಿಟ್ಟರೆ ಮರುದಿನ ಬೆಳಿಗ್ಗೆ ಅದೇ ಮಡಿಕೆ ಮತ್ತೆ ಬಂದಿರುತ್ತದೆ. ಡ್ರೈಯರ್ ಇಲ್ಲದಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಡಬಹುದು, ನಾಲ್ಕೈದು ಸಲ ಬದಲಿಸಬೇಕು ಅಷ್ಟೇ. ಕೊನೆಗೆ ಹಿಂಜ್ ಬದಿಗೆ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ. ಮುಂದೆ ರಬ್ಬರ್ ಮಡಚುವ ಬದಲು ಜಾರುತ್ತದೆ.

ಗೋಂದು, ಸಿಲಿಕಾನ್, ಎರಡೂ ಕಡೆ ಅಂಟುವ ಟೇಪ್ ಯಾವುದೂ ಬೇಡ. ಅಂಟಿಸಿದ ರಬ್ಬರನ್ನು ಆಮೇಲೆ ಬದಲಿಸುವವನ ಪಾಡು ನೋಡಲಾಗದು. ರಬ್ಬರ್ ಬಿರುಕು ಬಿಟ್ಟಿದ್ದರೆ, ಬಿಸಿ ಮಾಡಿದರೂ ಗಟ್ಟಿಯಾಗಿಯೇ ಇದ್ದರೆ, ಹೊಸದು ಹಾಕಿ. ಮಾಡೆಲ್ ನಂಬರ್ ಕೊಟ್ಟು ತರಿಸಿ. ಎಲ್ಲ ಫ್ರಿಜ್‌ಗೂ ಆಗುತ್ತೆ, ಕತ್ತರಿಸಿ ಜೋಡಿಸಿಕೊಳ್ಳಿ ಅನ್ನುವ ಪಟ್ಟಿ ಕೊಳ್ಳಬೇಡಿ. ಜೋಡಿಸಿದ ಮೂಲೆಯೇ ಮೊದಲು ಸೋರುತ್ತದೆ. ಹೊಸದು ಮಡಚಿ ಪ್ಯಾಕ್ ಆಗಿ ಬಂದಿರುತ್ತದೆ. ಹಾಕುವ ಮುಂಚೆ ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟು ಮಡಿಕೆ ಬಿಡಿಸಿಕೊಳ್ಳಿ. ಮೊದಲು ನಾಲ್ಕು ಮೂಲೆ ಕೂರಿಸಿ, ಆಮೇಲೆ ಬದಿಗಳನ್ನು.

ಹೆಜ್ಜೆ 4: ಉಳಿದದ್ದು ಸುಲಭ

ಮುಂದಿನ ಕಾಲುಗಳನ್ನು ತಿರುಗಿಸಿ ಮುಂಭಾಗ ಸ್ವಲ್ಪವೇ ಎತ್ತರ ಮಾಡಿ; ಅರ್ಧ ತೆಗೆದ ಬಾಗಿಲು ತಾನೇ ಮುಚ್ಚಿಕೊಳ್ಳಬೇಕು. ಹಿಂದೆ ಕಾಯಿಲ್, ಅಂದರೆ ಬಿಸಿ ಹೊರಹಾಕುವ ಕೊಳವೆಗಳ ಜಾಲರಿ, ಕಾಣುತ್ತಿದ್ದರೆ ಪ್ಲಗ್ ತೆಗೆದು ಧೂಳು ಗುಡಿಸಿ. ಗೋಡೆಗೆ ಒತ್ತಿ ನಿಲ್ಲಿಸಬೇಡಿ. ನೇರ ತಂಪಿನ (ಡೈರೆಕ್ಟ್ ಕೂಲ್) ಫ್ರಿಜ್, ಅಂದರೆ ಐಸ್ ತಾನಾಗಿ ಕರಗದ ಥರದ್ದು ಆದರೆ ಫ್ರೀಜರಿನ ಐಸ್ ಅರ್ಧ ಸೆಂಟಿಮೀಟರ್ ದಾಟುವ ಮುಂಚೆ ಕರಗಿಸಿ. ಚಾಕು ಹಾಕಿ ಕೆರೆದರೆ ಗ್ಯಾಸ್ ಪೈಪಿಗೆ ತೂತಾಗುತ್ತದೆ, ಎಚ್ಚರ.

ಈಗ ಥರ್ಮೋಸ್ಟಾಟ್ ನೋಡಿ. ನಡುವಿನ ತಟ್ಟೆಯಲ್ಲಿ ಒಂದು ಲೋಟ ನೀರಿಟ್ಟು, ಅದರಲ್ಲಿ ಥರ್ಮೋಮೀಟರ್ ಅದ್ದಿ, ರಾತ್ರಿಯಿಡೀ ಬಿಡಿ. 4 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಫ್ರೀಜರಿಗೆ ಮೈನಸ್ 18. ತಿರುಗಿಸುವ ಗುಂಡಿಯಲ್ಲಿ 1ರಿಂದ 7ರ ಥರದ ಅಂಕಿ ಇದ್ದರೆ ಸಾಮಾನ್ಯವಾಗಿ ದೊಡ್ಡ ಅಂಕಿ ಅಂದರೆ ಜಾಸ್ತಿ ತಂಪು. ಇದನ್ನು ಉಲ್ಟಾ ತಿಳಿದು, ಕಡಿಮೆ ಮಾಡುತ್ತೇನೆ ಅಂತ ಜಾಸ್ತಿ ಮಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ.

ನಡುವೆ ಒಂದು ಮಾತು. ಪ್ಲಗ್‌ಗೆ ಚುಚ್ಚಿದರೆ ಬಿಲ್ ಅರ್ಧ ಆಗುತ್ತೆ ಅಂತ ಮಾರುವ ಪವರ್ ಸೇವರ್ ಡಬ್ಬಿಗಳನ್ನು ದಯವಿಟ್ಟು ತರಬೇಡಿ. ಅದರೊಳಗೆ ಸಾಮಾನ್ಯವಾಗಿ ಇರುವುದು ಒಂದು ಸಣ್ಣ ಕೆಪಾಸಿಟರ್. ಮನೆಯಲ್ಲಿ ಯೂನಿಟ್ ಲೆಕ್ಕದಲ್ಲಿ ಬರುವ ಬಿಲ್ ನಿಜವಾಗಿ ಬಳಸಿದ ಕರೆಂಟಿಗೆ. ಅದನ್ನು ಆ ಕೆಪಾಸಿಟರ್ ಕಡಿಮೆ ಮಾಡುವುದಿಲ್ಲ.

ಹೆಜ್ಜೆ 5: ಮೀಟರ್ ಕೇಳಿ

ಫ್ರಿಜ್ ಆನ್ ಆಫ್ ಆಗುವ ಸದ್ದು ಕೇಳಿ ಅಂದಾಜು ಮಾಡುವವರಿದ್ದಾರೆ. ಇನ್ವರ್ಟರ್ ಕಂಪ್ರೆಸರ್, ಅಂದರೆ ಬೇಕಾದಷ್ಟಕ್ಕೆ ವೇಗ ಬದಲಿಸಿಕೊಳ್ಳುವ ಕಂಪ್ರೆಸರ್ ಆದರೆ ಆ ಲೆಕ್ಕ ತಪ್ಪುತ್ತದೆ. ಅದು ನಿಧಾನವಾಗಿ ಬಹಳ ಹೊತ್ತು ಓಡುವುದೇ ಸರಿ. ಮೀಟರನ್ನೇ ನಂಬಿ.

ಎಲ್ಲರೂ ದಿನವಿಡೀ ಹೊರಗೆ ಹೋಗುವ ದಿನ ಫ್ರಿಜ್ ಬಿಟ್ಟು ಉಳಿದೆಲ್ಲ ಸ್ವಿಚ್ ಆರಿಸಿ. ಹೊರಡುವಾಗ ಮೀಟರಿನ ಅಂಕಿ, ಪಾಯಿಂಟ್ ಆದ ಮೇಲಿನದ್ದೂ ಸೇರಿ, ಬರೆದುಕೊಳ್ಳಿ. ಬಂದ ಕೂಡಲೇ ಮತ್ತೆ ಬರೆಯಿರಿ. ವ್ಯತ್ಯಾಸವನ್ನು ಗಂಟೆಗಳಿಂದ ಭಾಗಿಸಿ. ನಡುವೆ ಯಾರೂ ಬಾಗಿಲು ತೆಗೆದಿರುವುದಿಲ್ಲ, ಹಾಗಾಗಿ ಲೆಕ್ಕ ಚೊಕ್ಕವಾಗಿರುತ್ತದೆ. ರಬ್ಬರ್ ಸರಿಮಾಡುವ ಮುಂಚೆ ಒಂದು ದಿನ, ಆದ ಮೇಲೆ ಒಂದು ದಿನ ಹೀಗೆ ಮಾಡಿ. ಎರಡೂ ದಿನ ಸೆಕೆ ಹೆಚ್ಚುಕಡಿಮೆ ಒಂದೇ ಥರ ಇರಲಿ, ಇಲ್ಲದಿದ್ದರೆ ಹವೆಯ ವ್ಯತ್ಯಾಸವೂ ಲೆಕ್ಕಕ್ಕೆ ಸೇರಿಬಿಡುತ್ತದೆ.