ಮೂಳೆಗೆ ಹರಡುವ ಕ್ಯಾನ್ಸರ್ ಮೇಲೆ ಪಿಎಚ್‌ಡಿ ಮಾಡಬೇಕಾ? ಮೊದಲು ಮೂಳೆ ಓದಿ

ಸ್ತನ ಕ್ಯಾನ್ಸರ್, ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದಾಗ ಹೆಚ್ಚಾಗಿ ಹೋಗಿ ಕೂರುವುದು ಮೂಳೆಯಲ್ಲಿ. ಈ ವಿಷಯಕ್ಕೆ ಪಿಎಚ್‌ಡಿ ಸೀಟು ಹುಡುಕುತ್ತಿರುವವರು ಅರ್ಜಿ ತೋರಿಸಿದಾಗ ನಾನು ಮೊದಲು ನೋಡುವುದು ಒಂದೇ, ಇದರಲ್ಲಿ ಮೂಳೆ ಎಲ್ಲಿದೆ ಅಂತ. ಕ್ಯಾನ್ಸರ್ ಬಗ್ಗೆ ಎರಡು ಪುಟ ಇರುತ್ತದೆ, ಮೂಳೆ ಬಗ್ಗೆ ಒಂದು ಸಾಲೂ ಇರುವುದಿಲ್ಲ.

1889ರಲ್ಲಿ ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರ್‌ನಿಂದ ಸತ್ತ 735 ಜನರ ದಾಖಲೆ ನೋಡಿ, ಬೀಜ ಎಲ್ಲ ಕಡೆ ಬಿದ್ದರೂ ಒಗ್ಗುವ ಮಣ್ಣಿನಲ್ಲಷ್ಟೇ ಬೆಳೆಯುತ್ತದೆ ಅಂದರು. ಇಲ್ಲಿ ಬೀಜ ಅಂದರೆ ಕ್ಯಾನ್ಸರ್ ಕೋಶ, ಮಣ್ಣು ಅಂದರೆ ಮೂಳೆ. ಸ್ತನ ಕ್ಯಾನ್ಸರ್ ಕೋಶ ಪಿಟಿಎಚ್‌ಆರ್‌ಪಿ ಅನ್ನೋ ಪ್ರೋಟೀನ್ ಬಿಡುತ್ತದೆ, ಅದರಿಂದ ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್‌ಗಳು ರ‍್ಯಾಂಕ್‌ಎಲ್ ಅನ್ನೋ ಇನ್ನೊಂದು ಪ್ರೋಟೀನ್ ಜಾಸ್ತಿ ಮಾಡುತ್ತವೆ, ಅದು ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್‌ಗಳನ್ನು ಎಬ್ಬಿಸುತ್ತದೆ, ಕರಗಿದ ಮೂಳೆಯಿಂದ ಟಿಜಿಎಫ್-ಬೀಟಾ ಅನ್ನೋ ಬೆಳವಣಿಗೆಯ ಪ್ರೋಟೀನ್ ಹೊರಬಂದು ಮತ್ತೆ ಕ್ಯಾನ್ಸರ್‌ಗೇ ಗೊಬ್ಬರವಾಗುತ್ತದೆ. ಈ ಸುತ್ತನ್ನು ಏನೂ ನೋಡದೆ ಹಾಳೆ ಮೇಲೆ ಬಿಡಿಸಲು ಬರಬೇಕು. ಡೆನೋಸುಮ್ಯಾಬ್ ಅನ್ನೋ ಔಷಧ ಅದನ್ನು ಎಲ್ಲಿ ತಡೆಯುತ್ತದೆ, ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಮೂಳೆ ಕರಗುವ ಬದಲು ಅಡ್ಡಾದಿಡ್ಡಿ ಬೆಳೆಯುವುದೇ ಜಾಸ್ತಿ ಯಾಕೆ, ಇವನ್ನೂ ಯೋಚಿಸಿಟ್ಟುಕೊಳ್ಳಿ.

ಇನ್ನು ಎಲ್ಲಿ ಹುಡುಕುವುದು? ನಮ್ಮಲ್ಲಾದರೆ ಮೊದಲು ಸಿಎಸ್‌ಐಆರ್-ಯುಜಿಸಿ ನೆಟ್ ಬರೆದು ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ತೆಗೆದುಕೊಳ್ಳಿ. 2023ರಿಂದ ಅದು ತಿಂಗಳಿಗೆ 37,000 ರೂಪಾಯಿ, ಕೈಯಲ್ಲಿದ್ದರೆ ಲ್ಯಾಬ್‌ಗಳ ಬಾಗಿಲು ಬೇಗ ತೆರೆಯುತ್ತದೆ. ಹೊರಗೆ ಹೋಗುವುದಾದರೆ ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಡ್ರೆಸ್ಡೆನ್ ಮತ್ತು ಹ್ಯಾಂಬರ್ಗ್‌ನಲ್ಲಿ ಮೂಳೆ ಮೇಲೆಯೇ ಕೆಲಸ ಮಾಡುವ ಗುಂಪುಗಳಿವೆ. ಯುರೋಪಿನ ಜಾಗಗಳು ಯೂರಾಕ್ಸೆಸ್ ಅನ್ನೋ ವೆಬ್‌ಸೈಟ್‌ನಲ್ಲಿ ಬರುತ್ತವೆ. ಜರ್ಮನಿಯ ಜಾಹೀರಾತಿನಲ್ಲಿ ಇ13, 65% ಅಂತ ಇದ್ದರೆ, ಇ13 ಅನ್ನುವುದು ಸಂಬಳದ ದರ್ಜೆ, ಒಪ್ಪಂದದಲ್ಲಿ ಸಂಬಳವೂ ಕೆಲಸದ ಸಮಯವೂ ಅದರ 65% ಅಷ್ಟೇ, ಆದರೆ ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಪೂರ್ತಿ ದಿನವೇ ಇರಬೇಕಾಗುತ್ತದೆ. ಯುರೋಪಿಯನ್ ಒಕ್ಕೂಟದ ಹಣದಲ್ಲಿ ನಡೆಯುವ ಮೇರಿ ಕ್ಯೂರಿ ಜಾಲದ ಜಾಗಗಳಿಗೆ, ಹೋಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು ಅನ್ನೋ ನಿಯಮವಿದೆ. ಊರಲ್ಲೇ ಓದಿದವರಿಗೆ ಇದು ಅನುಕೂಲವೇ.

ಮೇಲ್ ಬರೆಯುವಾಗ "ನನಗೆ ಕ್ಯಾನ್ಸರ್ ಸಂಶೋಧನೆಯಲ್ಲಿ ತುಂಬಾ ಆಸಕ್ತಿ" ಅಂತ ಸುಮ್ನೆ ಶುರು ಮಾಡಬೇಡಿ. ಆ ಲ್ಯಾಬ್‌ನ ಒಂದು ಪೇಪರ್ ಪೂರ್ತಿ ಓದಿ, ಅದರ ಒಂದು ಚಿತ್ರದ ಬಗ್ಗೆ ಒಂದು ಪ್ರಶ್ನೆ ಕೇಳಿ. ಉದಾಹರಣೆಗೆ, ಮೈಕ್ರೋ-ಸಿಟಿಯಲ್ಲಿ (ಮೂಳೆಯ ಸೂಕ್ಷ್ಮ ಸ್ಕ್ಯಾನ್‌ನಲ್ಲಿ) ಮೂಳೆ ಉಳಿದಿದೆ, ಆದರೆ ಗಡ್ಡೆ ಚಿಕ್ಕದಾಗಿಲ್ಲ, ಯಾಕೆ? ಇಂಥ ಎರಡು ಸಾಲು ಸಾಕು.

ಲ್ಯಾಬ್‌ನ ಕೈಕೆಲಸ ಬಂದಿದ್ದರೆ ಬಿಡಿಸಿ ಹೇಳಿ. ಮೂಳೆಯನ್ನು ಹಾಗೇ ಕೊಯ್ಯಲು ಹೋದರೆ ಚೂರಾಗುತ್ತದೆ. ಇಲಿಯ ಮೂಳೆಯನ್ನು ಎರಡು ವಾರ ಇಡಿಟಿಎ ಅನ್ನೋ ರಾಸಾಯನಿಕದ ದ್ರಾವಣದಲ್ಲಿ ನೆನೆಹಾಕಿ, ಸುಣ್ಣದಂಶ ಹೋಗಿ ಬಾಗುವಷ್ಟು ಮೆತ್ತಗಾದ ಮೇಲೆ ತೆಳುವಾಗಿ ಕೊಯ್ದು ಟ್ರ್ಯಾಪ್ ಬಣ್ಣ ಹಾಕಿದರೆ, ಮೂಳೆಯ ಅಂಚಿಗೆ ಕಚ್ಚಿಕೊಂಡ ಆಸ್ಟಿಯೋಕ್ಲಾಸ್ಟ್‌ಗಳು ಕೆಂಪಗೆ ಕಾಣುತ್ತವೆ. ಇದನ್ನು ಒಮ್ಮೆ ಮಾಡಿದ್ದರೂ ಸಿವಿಯಲ್ಲಿ ಮೇಲೆಯೇ ಇರಲಿ. ಮಾಡಿಲ್ಲದಿದ್ದರೆ ಮಾಡಿದ್ದೇನೆ ಅಂತ ಬರೆಯಬೇಡಿ, ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಇಂಟರ್‌ವ್ಯೂನಲ್ಲಿ ನೀವೂ ಕೇಳಬೇಕು. ಈ ಕೆಲಸದಲ್ಲಿ ಇಲಿಗಳ ಮೇಲೆ ಪ್ರಯೋಗ ಇದ್ದೇ ಇರುತ್ತದೆ ಅನ್ನಬಹುದು, ಮನಸ್ಸು ಒಪ್ಪುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಪ್ರಾಣಿ ಪ್ರಯೋಗದ ಅನುಮತಿ ಈಗಾಗಲೇ ಬಂದಿದೆಯಾ, ಅಥವಾ ನೀವು ಹೋದ ಮೇಲೆ ಅರ್ಜಿ ಹಾಕಬೇಕಾ? ಅನುಮತಿಗೆ ಕಾಯುವುದರಲ್ಲೇ ಮೊದಲ ವರ್ಷದ ಎಷ್ಟೋ ತಿಂಗಳು ಹೋಗಬಹುದು. ಈಗ ಅಲ್ಲಿರುವ ವಿದ್ಯಾರ್ಥಿ ಜೊತೆ, ಗೈಡ್ ಇಲ್ಲದಾಗ, ಅರ್ಧ ಗಂಟೆ ಮಾತಾಡಲು ಅವಕಾಶ ಕೇಳಿ.