ಆರು ಮಕ್ಕಳ ಓದು, ಒಂದೇ ಮನೆ: ದಿನ ಸಾಗಿಸುವುದು ಹೇಗೆ

ನಮ್ಮ ಮನೆಯಲ್ಲಿ ಆರು ಮಕ್ಕಳು. ದೊಡ್ಡವಳಿಗೆ 14, ಕೊನೆಯವನಿಗೆ ಒಂದೂವರೆ. ಯಾರೂ ಶಾಲೆಗೆ ಹೋಗುವುದಿಲ್ಲ, ಎಲ್ಲರ ಓದೂ ಮನೆಯಲ್ಲೇ. ಇದನ್ನು ಹೇಳಿದ ತಕ್ಷಣ ಜನ ಕೇಳುವ ಮೊದಲ ಪ್ರಶ್ನೆ, "ಅಷ್ಟೂ ಜನಕ್ಕೆ ನೀವೊಬ್ಬರೇ ಹೇಗೆ ಪಾಠ ಮಾಡ್ತೀರಿ?" ಮಾಡುವುದಿಲ್ಲ. ಅದೇ ಉತ್ತರ.

ಮೊದಲ ವರ್ಷ ಮಾಡಲು ಹೋಗಿದ್ದೆ. ಆಗ ಓದುವ ವಯಸ್ಸಿನವರು ಮೂವರೇ ಇದ್ದರು. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದೆ, 40 ನಿಮಿಷಕ್ಕೊಂದು ವಿಷಯ, ಥೇಟ್ ಶಾಲೆಯ ಹಾಗೆ. ಎರಡನೇ ವಾರಕ್ಕೆ ನನ್ನ ಗಂಟಲು ಕಟ್ಟಿತು. ಮೂರನೇ ವಾರಕ್ಕೆ ಹಾಳೆಗಳನ್ನು ಕಿತ್ತುಹಾಕಿದೆ. ಒಬ್ಬಳಿಗೆ ಭಾಗಾಕಾರ ಹೇಳಿಕೊಡುವಾಗ ಇನ್ನೊಬ್ಬ ಒಂದೇ ತಪ್ಪನ್ನು ಇಡೀ ಪುಟ ಬರೆದಿರುತ್ತಿದ್ದ, ಮೂರನೆಯವನು ಕಾದೂ ಕಾದೂ ಪೆನ್ಸಿಲ್ ಕಚ್ಚುತ್ತಾ ಕೂತಿರುತ್ತಿದ್ದ. ಆಗ ಅರ್ಥವಾದದ್ದು ಇಷ್ಟು: ಮಕ್ಕಳು ಜಾಸ್ತಿ ಇರುವ ಮನೆಯಲ್ಲಿ ಎಲ್ಲಕ್ಕಿಂತ ಬೇಗ ಖಾಲಿಯಾಗುವುದು ದೊಡ್ಡವರ ಗಮನ. ಅದು ಯಾರಿಗೆ, ಯಾವಾಗ, ಎಷ್ಟು ಹೊತ್ತು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಉಳಿದ ಕೆಲಸಗಳಿಗೆ ಜಾಗ ಆಮೇಲೆ ತಾನಾಗಿ ಸಿಗುತ್ತದೆ.

ಸರದಿ ಹಂಚುವುದು

ವಿಷಯಗಳನ್ನು ಹಂಚುವ ಮೊದಲು ನಿಮ್ಮನ್ನು ಹಂಚಿ. ನಮ್ಮಲ್ಲಿ ಬೆಳಿಗ್ಗೆ ಸುಮಾರು ಎರಡೂವರೆ ಗಂಟೆ ಪುಸ್ತಕದ ಓದು. ಅದರೊಳಗೆ ಒಬ್ಬೊಬ್ಬರಿಗೆ 20 ನಿಮಿಷ "ಅಮ್ಮನ ಸರದಿ". ಆ ಹೊತ್ತಿನಲ್ಲಿ ಆ ಮಗುವಿನ ಪಕ್ಕ ಬಿಟ್ಟು ನಾನು ಏಳುವುದಿಲ್ಲ, ಫೋನ್ ಬೇರೆ ಕೋಣೆಯಲ್ಲಿರುತ್ತದೆ. ಹೊಸ ಪಾಠ, ಓದಲು ಕಲಿಯುವುದು, ಬರೆದದ್ದನ್ನು ತಿದ್ದುವುದು, ಇವು ಮೂರು ಮಾತ್ರ ಸರದಿಯಲ್ಲಿ. ಅಭ್ಯಾಸದ ಲೆಕ್ಕ, ಕಾಪಿ ಬರೆಯುವುದು, ಸುಮ್ನೆ ಓದುವುದು, ಇದೆಲ್ಲ ಅವರವರೇ ಮಾಡಿಕೊಳ್ಳಬೇಕು. 20 ನಿಮಿಷ ಸಾಕಾ ಅಂತ ಅನ್ನಿಸಬಹುದು. ಇಂಗ್ಲೆಂಡಿನ ಶಿಕ್ಷಣತಜ್ಞೆ ಶಾರ್ಲೆಟ್ ಮೇಸನ್ (1842–1923) ಚಿಕ್ಕ ಮಕ್ಕಳ ಒಂದು ಪಾಠ ಅದಕ್ಕಿಂತ ಉದ್ದ ಇರಬಾರದು ಎಂದೇ ಹೇಳುತ್ತಿದ್ದರು. ಒಬ್ಬರೇ ಒಬ್ಬರ ಪಕ್ಕ ಕೂತು ಕಲಿಯುವ 20 ನಿಮಿಷದಲ್ಲಿ ಎಷ್ಟು ಸಾಗುತ್ತದೆ ಅಂತ ಒಂದು ವಾರ ಮಾಡಿ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಮೊದಲ ಸರದಿ ಅತಿ ಚಿಕ್ಕವರದ್ದು. ನಾನು ಮುಂಚೆ ಉಲ್ಟಾ ಮಾಡುತ್ತಿದ್ದೆ, ದೊಡ್ಡವರ ಗಣಿತ ಮುಗಿಸಿಕೊಂಡು ಚಿಕ್ಕವರ ಹತ್ತಿರ ಬರೋಣ ಅಂತ. ಅಷ್ಟೂ ಹೊತ್ತು ಯಾರೋ ಒಬ್ಬರು ನನ್ನ ಬಟ್ಟೆ ಹಿಡಿದು ಎಳೆಯುತ್ತಲೇ ಇರುತ್ತಿದ್ದರು. ಈಗ ನಾಲ್ಕು ವರ್ಷದವನ ಜೊತೆ ಮೊದಲು ಕೂರುತ್ತೇನೆ, ಒಂದೂವರೆ ವರ್ಷದವನು ತೊಡೆಯ ಮೇಲೆ, ಚಿತ್ರದ ಪುಸ್ತಕ ಮೂರು ಸಲ ಓದುತ್ತೇವೆ. ಮನಸ್ಸು ತುಂಬಿದ ಮಗು ಆಮೇಲೆ ಅರ್ಧ ಗಂಟೆ ತನ್ನಷ್ಟಕ್ಕೆ ಆಡಿಕೊಳ್ಳುತ್ತದೆ.

ಇನ್ನೊಬ್ಬರ ಸರದಿ ನಡೆಯುವಾಗ ಯಾರಿಗಾದರೂ ಲೆಕ್ಕ ತಡೆದು ನಿಂತರೆ? ಪ್ರತಿಯೊಬ್ಬರ ಹತ್ತಿರ ಐದು ಬಟ್ಟೆ ಕ್ಲಿಪ್ ಇವೆ, ಒಗೆದ ಬಟ್ಟೆಗೆ ಹಾಕುತ್ತೇವಲ್ಲ, ಅವೇ. ಗೊತ್ತಾಗದ ಕಡೆ ಪುಟಕ್ಕೆ ಒಂದು ಕ್ಲಿಪ್ ಹಾಕಿ ಮುಂದಿನ ಲೆಕ್ಕಕ್ಕೆ ಹೋಗಬೇಕು. ನನ್ನ ಸರದಿ ಬಂದಾಗ ಮೊದಲು ಕ್ಲಿಪ್ ಇರುವ ಪುಟ ತೆರೆಯುತ್ತೇನೆ. ಎರಡು ಲೆಕ್ಕದಲ್ಲಿ ಒಂದಕ್ಕೆ, ಅಷ್ಟರಲ್ಲಿ ಅವರೇ ದಾರಿ ಕಂಡುಕೊಂಡು ಕ್ಲಿಪ್ ತೆಗೆದಿರುತ್ತಾರೆ. ರಕ್ತ, ಬೆಂಕಿ, ಹರಿಯುವ ನೀರು, ಒಂದೂವರೆ ವರ್ಷದ ಪುಟ್ಟ ಎಲ್ಲೂ ಕಾಣದಿರುವುದು, ಈ ನಾಲ್ಕಕ್ಕೆ ಮಾತ್ರ ಸರದಿಯ ಮಧ್ಯೆ ಕೂಗಬಹುದು.

ಒಟ್ಟಿಗೆ ಆಗುವುದನ್ನು ಒಟ್ಟಿಗೇ ಮಾಡಿ

ಓದಲು ಕಲಿಯುವುದು ಮತ್ತು ಗಣಿತ, ಇವೆರಡು ಮೆಟ್ಟಿಲ ಹಾಗೆ, ಒಬ್ಬೊಬ್ಬರು ಒಂದೊಂದು ಮೆಟ್ಟಿಲ ಮೇಲೆ ಇರುತ್ತಾರೆ. ವಿಜ್ಞಾನ, ಇತಿಹಾಸ, ಕಥೆ, ಭೂಗೋಳಕ್ಕೆ ಹಾಗಿಲ್ಲ. ಇಡೀ ಮನೆ ಒಂದೇ ವಿಷಯ ಹಿಡಿಯಬಹುದು.

ಒಂದು ತಿಂಗಳು ಚಂದ್ರನನ್ನು ನೋಡಿದೆವು. ನಾಲ್ಕು ವರ್ಷದವನು ದಿನಾ ಚಂದ್ರನ ಆಕಾರ ಬಣ್ಣದ ಪೆನ್ಸಿಲ್‌ನಲ್ಲಿ ಬರೆದ. ಏಳು ವರ್ಷದವಳು ಹುಣ್ಣಿಮೆಯಿಂದ ಹುಣ್ಣಿಮೆಗೆ ದಿನ ಎಣಿಸಿದಳು. ಒಂಬತ್ತು ವರ್ಷದವನು ಚಂದ್ರ ಹುಟ್ಟುವ ಹೊತ್ತು ಬರೆದಿಟ್ಟು, ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತಿದೆ ಅಂತ ತಾನೇ ಲೆಕ್ಕ ಹಾಕಿದ. ಹನ್ನೆರಡರವನಿಗೆ ಮತ್ತು ದೊಡ್ಡವಳಿಗೆ ಪ್ರಶ್ನೆ ಬೇರೆ ಇತ್ತು. ಚಂದ್ರ ಭೂಮಿಯನ್ನು ಒಂದು ಸುತ್ತು ಹಾಕುವುದು ಸುಮಾರು 27.3 ದಿನದಲ್ಲಿ, ಆದರೆ ಹುಣ್ಣಿಮೆಯಿಂದ ಹುಣ್ಣಿಮೆಗೆ 29.5 ದಿನ. ಆ ಎರಡು ದಿನ ಎಲ್ಲಿಂದ ಬಂತು? ದೊಡ್ಡವಳು ಸೂರ್ಯನಾಗಿ ನಡುಮನೆಯಲ್ಲಿ ನಿಂತಳು, ತಮ್ಮ ಭೂಮಿಯಾಗಿ ನಿಧಾನಕ್ಕೆ ಅವಳ ಸುತ್ತ ನಡೆದ, ಏಳು ವರ್ಷದವಳು ಚಂದ್ರನಾಗಿ ಅಣ್ಣನ ಸುತ್ತ ಓಡಿದಳು. ಒಂದು ಸುತ್ತು ಮುಗಿಯುವಷ್ಟರಲ್ಲಿ ಅಣ್ಣ ಮುಂದೆ ಹೋಗಿಬಿಟ್ಟಿದ್ದ. ಅಕ್ಕ, ಅಣ್ಣ, ತಾನು ಮತ್ತೆ ಒಂದೇ ಸಾಲಿಗೆ ಬರಬೇಕಾದರೆ ಇನ್ನೂ ಸ್ವಲ್ಪ ಓಡಬೇಕಾಯಿತು. "ಅದಕ್ಕೇ ಎರಡು ದಿನ ಜಾಸ್ತಿ!" ಅಂತ ಕೂಗಿದ್ದು, ಓಡಿ ಓಡಿ ಏದುಸಿರು ಬಿಡುತ್ತಿದ್ದ ಚಂದ್ರ.

ಗಟ್ಟಿಯಾಗಿ ಓದುವ ಹೊತ್ತೂ ಹೀಗೇ. ನಾನು ಒಂದು ಅಧ್ಯಾಯ ಓದುತ್ತೇನೆ, ಆಮೇಲೆ ಕೇಳಿದ್ದನ್ನು ಒಬ್ಬೊಬ್ಬರೂ ತಮ್ಮ ಮಾತಲ್ಲಿ ಹೇಳಬೇಕು. ಹೇಳುವುದು ಚಿಕ್ಕವರಿಂದ ಶುರುವಾಗಲಿ. ದೊಡ್ಡವರು ಮೊದಲು ಹೇಳಿಬಿಟ್ಟರೆ ಚಿಕ್ಕವರಿಗೆ ಹೇಳಲು ಏನೂ ಉಳಿಯುವುದಿಲ್ಲ, ಅಲ್ವಾ?

ಅಕ್ಕ ಹೇಳಿಕೊಟ್ಟ ಲೆಕ್ಕ

ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಕಲಿಯುವುದು ಮನೆಯವರು ಮಾಡಿಕೊಂಡ ಅಡ್ಜಸ್ಟ್‌ಮೆಂಟ್ ಅಂತ ಭಾವಿಸಬೇಡಿ. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ "ಮಕ್ಕಳ ಮನೆ" ಅನ್ನುವ ತಮ್ಮ ಮೊದಲ ಶಾಲೆ ತೆರೆದಾಗಿನಿಂದ ಅವರ ವಿಧಾನದಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುತ್ತಾರೆ. ನಮ್ಮ ಮನೆಗಳಲ್ಲಿ ಅದು ಪುಕ್ಕಟೆಯಾಗಿ ಸಿಕ್ಕಿದೆ.

ಒಂದು ದಿನ ದೊಡ್ಡವಳು ತಂಗಿಗೆ 52ರಲ್ಲಿ 27 ಕಳೆಯುವುದು ಹೇಳಿಕೊಡುತ್ತಿದ್ದಳು. "ಎರಡರಲ್ಲಿ ಏಳು ಹೋಗಲ್ಲ, ಪಕ್ಕದಿಂದ ಒಂದು ಸಾಲ ತಗೋ, ಹನ್ನೆರಡಾಯ್ತು." ತಂಗಿ ಕೇಳಿದಳು, "ಒಂದು ಸಾಲ ತಗೊಂಡ್ರೆ ಮೂರಾಗ್ಬೇಕಲ್ಲಾ, ಹನ್ನೆರಡು ಹೇಗಾಯ್ತು?" ದೊಡ್ಡವಳು ಬಾಯಿ ತೆರೆದವಳು ಹಾಗೇ ನಿಂತಳು. ವರ್ಷಗಟ್ಟಲೆ ಸರಿಯಾಗಿ ಕಳೆಯುತ್ತಾ ಬಂದವಳಿಗೆ ಅದು ಯಾಕೆ ಸರಿ ಅಂತ ಗೊತ್ತಿರಲಿಲ್ಲ. ನಾನು ಮಧ್ಯೆ ಹೋಗಲಿಲ್ಲ. ಅವಳು ಎದ್ದು ಹೋಗಿ ಕಡ್ಡಿಗಳನ್ನು ತಂದಳು, ಹತ್ತು ಹತ್ತರ ಐದು ಕಟ್ಟು, ರಬ್ಬರ್‌ಬ್ಯಾಂಡ್ ಹಾಕಿ, ಪಕ್ಕದಲ್ಲಿ ಬಿಡಿಯಾಗಿ ಎರಡು. ಒಂದು ಕಟ್ಟು ಬಿಚ್ಚಿ ಬಿಡಿಯ ಜೊತೆ ಸೇರಿಸಿದಳು. ಆಗ ಇಬ್ಬರೂ ಒಟ್ಟಿಗೆ "ಓ!" ಅಂದರು.

ಹಾಗಂತ ದೊಡ್ಡ ಮಗುವನ್ನು ಎರಡನೇ ಅಮ್ಮನನ್ನಾಗಿ ಮಾಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಜಾರುವುದು ಬಹಳ ಸುಲಭ. "ಸ್ವಲ್ಪ ಪುಟ್ಟನ್ನ ನೋಡ್ಕೋ" ಅಂತ ಶುರುವಾಗಿ ಇಡೀ ಮಧ್ಯಾಹ್ನ ಅವಳದ್ದೇ ಜವಾಬ್ದಾರಿ ಆಗಿರುತ್ತದೆ. ನಮ್ಮಲ್ಲಿ ದೊಡ್ಡವಳು ಹೇಳಿಕೊಡುವುದು ದಿನಕ್ಕೆ 20 ನಿಮಿಷ, ಅಷ್ಟೇ. ಅವಳ ಬಾಗಿಲು ಮುಚ್ಚಿದ್ದರೆ ಯಾರೂ ತಟ್ಟುವ ಹಾಗಿಲ್ಲ, ನಾನೂ ಸೇರಿ. ಮಕ್ಕಳನ್ನು ಹೆತ್ತದ್ದು ನಾವು, ಸಾಕುವುದೂ ನಮ್ಮ ಕೆಲಸ.

ಮಗ್ಗಿ ಮತ್ತು ಬಟ್ಟೆ

ಕಂಠಪಾಠಕ್ಕೆ ಬೇರೆ ಹೊತ್ತು ಇಡಬೇಡಿ, ಕೈಗೆ ಕೆಲಸ ಇರುವಾಗ ಮಾಡಿಸಿ. ನಮ್ಮ ಮನೆಯಲ್ಲಿ ಮಗ್ಗಿ ನಡೆಯುವುದು ಬಟ್ಟೆ ಮಡಚುವಾಗ. 1ರಿಂದ 10ರವರೆಗಿನ ಮಗ್ಗಿ ಅಂದರೆ 100 ಸಾಲು, ಮಗು ನೋಡಿದ ಕೂಡಲೇ ಹೆದರುತ್ತದೆ. ಆದರೆ ಏಳೆಂಟ್ಲಿಯೂ ಎಂಟೇಳ್ಲಿಯೂ ಒಂದೇ, ಹಾಗೆ ಜೋಡಿ ತೆಗೆದರೆ ಉಳಿಯುವುದು 55. ಅದರಲ್ಲಿ 1, 2, 5, 10 ಬರುವ ಸಾಲುಗಳು ಬಹುಪಾಲು ಮಕ್ಕಳಿಗೆ ಬೇಗ ಬರುತ್ತವೆ. ಅವನ್ನೂ ತೆಗೆದರೆ ಉಳಿದದ್ದು 21. ಆ 21ನ್ನು ಒಂದು ಚೀಟಿಯಲ್ಲಿ ಬರೆದು ಬಟ್ಟೆ ಬುಟ್ಟಿಯ ಹತ್ತಿರ ಅಂಟಿಸಿ, ದಿನಕ್ಕೆ ಐದು ನಿಮಿಷ ಕೇಳಿ. ಒಂದೇ ದಿನ ಒಂದು ಗಂಟೆ ಬಾಯಿಪಾಠ ಮಾಡಿಸುವುದಕ್ಕಿಂತ ಬಿಟ್ಟು ಬಿಟ್ಟು ನೆನಪಿಸುವುದು ಜಾಸ್ತಿ ನಿಲ್ಲುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹಾಸ್ ಇದನ್ನು ತಮ್ಮ ಮೇಲೆಯೇ ಪ್ರಯೋಗ ಮಾಡಿ 1885ರಲ್ಲೇ ಬರೆದಿಟ್ಟಿದ್ದಾರೆ.

ಮನೆಗೆಲಸವನ್ನು ವಾರಕ್ಕೊಮ್ಮೆ ಬದಲಿಸಬೇಡಿ. ಪಾತ್ರೆ ತೊಳೆಯಲು ಒಂದು ವಾರ ಕಲಿತವನು ಮುಂದಿನ ವಾರ ಗುಡಿಸಲು ಹೋದರೆ ಎರಡೂ ಅರ್ಧಂಬರ್ಧ, ಜೊತೆಗೆ "ಇವತ್ತು ನಂದಲ್ಲ" ಅನ್ನುವ ಜಗಳ ಬೇರೆ. ನಾಲ್ಕು ತಿಂಗಳು ಒಂದೇ ಕೆಲಸ ಒಬ್ಬರದ್ದೇ. ಮೊದಲ ವಾರ ನೀವು ಪಕ್ಕದಲ್ಲಿ ನಿಂತು ಮಾಡಿಸಿ, ಎರಡನೇ ವಾರ ನೋಡಿ, ಆಮೇಲೆ ಬಿಟ್ಟುಬಿಡಿ. ಬಟ್ಟೆಗೂ ಹಾಗೇ, ಓದುವ ನಾಲ್ವರಿಗೂ ಅವರದ್ದೇ ಚೀಲ, ಅವರದ್ದೇ ದಿನ. ಒಂಬತ್ತು ವರ್ಷದವನು ತನ್ನ ಬಟ್ಟೆ ತಾನೇ ಮೆಷಿನ್‌ಗೆ ಹಾಕಿ ತೆಗೆಯುತ್ತಾನೆ. ಲೋಟ ಮತ್ತು ಟವೆಲ್‌ಗೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕೊಟ್ಟುಬಿಡಿ, ದಿನಕ್ಕೆ ಮೂವತ್ತು ಲೋಟ ತೊಳೆಯುವುದು ತಪ್ಪುತ್ತದೆ.

ನಡೆಯಲು ಕಲಿತ ಮಗು ಇದ್ದರೆ

ಒಂದು ಪೆಟ್ಟಿಗೆ ಬೇರೆ ಇಡಿ, ಅದು ಪಾಠದ ಹೊತ್ತಿನಲ್ಲಿ ಮಾತ್ರ ತೆರೆಯಬೇಕು, ಉಳಿದಂತೆ ಕಪಾಟಿನ ಮೇಲೆ. ದಿನಾ ಕಾಣದ ಆಟಿಕೆಗೆ ಬೆಲೆ ಇರುತ್ತದೆ. ಗೋಲಿ, ಮಣಿ, ಆಯಸ್ಕಾಂತದ ಚೂರು, ಗುಂಡಿಯಂಥ ಬ್ಯಾಟರಿ, ಬಣ್ಣ, ಕತ್ತರಿ, ಇಂಥದ್ದು ಬೇಕಾಗುವ ಪಾಠ ಏನಿದ್ದರೂ ಪುಟ್ಟ ಮಲಗಿದ ಮೇಲೆಯೇ. ಆ ಬ್ಯಾಟರಿ ನುಂಗಿದರೆ ಒಂದೆರಡು ಗಂಟೆಯಲ್ಲೇ ಅನ್ನನಾಳ ಸುಡಬಹುದು, ಇದರಲ್ಲಿ ರಾಜಿ ಇಲ್ಲ. ಪಾಠ ಮುಗಿದ ಮೇಲೆ ಒಬ್ಬರು ನೆಲದ ಮೇಲೆ ಮಂಡಿಯೂರಿ ಮೇಜಿನ ಕೆಳಗೆ ನೋಡಿಯೇ ಏಳಬೇಕು.

ಮಧ್ಯಾಹ್ನ ಊಟ ಆದ ಮೇಲೆ ಒಂದು ಗಂಟೆ ಇಡೀ ಮನೆ ಸದ್ದಿಲ್ಲ. ನಿದ್ದೆ ಬಾರದವರು ಪುಸ್ತಕ ಹಿಡಿದು ತಮ್ಮ ಮೂಲೆಯಲ್ಲಿ ಕೂರಬೇಕು. ಈ ಒಂದು ಗಂಟೆ ಇಲ್ಲದಿದ್ದರೆ ಸಂಜೆ ನಾನು ಕೂಗಾಡುತ್ತೇನೆ, ಅದು ನನಗೆ ಚೆನ್ನಾಗಿ ಗೊತ್ತು.

ರಾತ್ರಿ ನಿದ್ದೆಯನ್ನು ಓದಿಗಾಗಿ ಕತ್ತರಿಸಬೇಡಿ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ಬೇಕು, 13ರಿಂದ 18ರವರಿಗೆ 8ರಿಂದ 10. ಹದಿಹರೆಯಕ್ಕೆ ಬಂದವರಿಗೆ ದೇಹದ ಗಡಿಯಾರವೇ ತಡವಾಗುತ್ತದೆ, ರಾತ್ರಿ ಬೇಗ ನಿದ್ದೆ ಬಾರದಿರುವುದು ಸೋಮಾರಿತನ ಅಲ್ಲ. ನಮ್ಮ ದೊಡ್ಡವಳ ಸರದಿ ಅದಕ್ಕೇ ಎಲ್ಲರಿಗಿಂತ ಕೊನೆಗೆ. ಬಸ್ ಹಿಡಿಯಬೇಕಾದ ಅವಸರ ಇಲ್ಲದ ಮನೆಯಲ್ಲಿ ಇಷ್ಟಾದರೂ ಅನುಕೂಲ ಮಾಡಿಕೊಡಬೇಕಲ್ಲ.

ಬರೆದಿಡುವುದನ್ನು ಮರೆಯಬೇಡಿ. ಹೋಮ್‌ಸ್ಕೂಲಿಂಗ್ ಕಾನೂನು ಒಂದೊಂದು ಕಡೆ ಒಂದೊಂದು ರೀತಿ. ಅಮೆರಿಕದ 50 ರಾಜ್ಯಗಳಲ್ಲೂ ಅದಕ್ಕೆ ಅವಕಾಶ ಇದೆ, ಜರ್ಮನಿಯಲ್ಲಿ ಮಗು ಶಾಲೆಗೇ ಹೋಗಬೇಕು. ನೀವು ಇರುವ ಕಡೆ ಏನು ಕೇಳುತ್ತಾರೆ ಅಂತ ಮೊದಲೇ ತಿಳಿದುಕೊಳ್ಳಿ, ಯಾರೂ ಕೇಳದಿದ್ದರೂ ಮಗುವಿಗೊಂದು ನೋಟ್‌ಬುಕ್ ಇಟ್ಟು ದಿನಕ್ಕೆ ಎರಡು ಸಾಲು ಬರೆಯಿರಿ: ಇವತ್ತು ಏನು ಮಾಡಿದ, ಎಲ್ಲಿ ತಡೆದ.

ಒಬ್ಬರೇ ಹೋಗುವ ನಡಿಗೆ

ಇನ್ನೊಂದು ಇದೆ, ಎಲ್ಲ ಬಿಟ್ಟರೂ ಇದನ್ನು ಬಿಡಬೇಡಿ. ವಾರಕ್ಕೊಂದು ಸಂಜೆ ಒಂದು ಮಗು ಮಾತ್ರ ಅಪ್ಪನ ಜೊತೆಯೋ ನನ್ನ ಜೊತೆಯೋ ನಡೆಯಲು ಹೋಗುತ್ತದೆ. ಉಳಿದವರು ಮನೆಯಲ್ಲಿ. ಆರು ವಾರಕ್ಕೊಮ್ಮೆ ಸರದಿ ಬರುತ್ತದೆ.

ಹನ್ನೆರಡು ವರ್ಷದವನು ಹತ್ತರಲ್ಲಿದ್ದಾಗ ಪಕ್ಷಿಗಳ ಬಗ್ಗೆ ಎಲ್ಲರೂ ಹುಚ್ಚರಂತೆ ಮಾತಾಡುತ್ತಿದ್ದರು, ಇವನಿಗೆ ಮಾತ್ರ ಆಸಕ್ತಿಯೇ ಇರಲಿಲ್ಲ. ಒತ್ತಾಯ ಮಾಡಿದರೆ ಸಿಡುಕುತ್ತಿದ್ದ. ಒಂದು ಸಂಜೆ ನಡೆಯುವಾಗ ಅವನ ಅಪ್ಪ ಮರ ತೋರಿಸಿ, "ಆ ಕೊಂಬೆ ಮೇಲೆ ಎಷ್ಟು ಕೂತಿವೆ ನೋಡೋ" ಅಂದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಕೊಂಬೆ ಅಪ್ಪಾ?" ಅಂದ. ಅವನಿಗೆ ಮರ ಹಸಿರು ಮುದ್ದೆಯಾಗಿ ಕಾಣುತ್ತಿತ್ತು. ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿದ್ದ. ಹತ್ತಿರದ ಪುಸ್ತಕ ಸರಾಗವಾಗಿ ಓದುತ್ತಿದ್ದ, ಮನೆಯಲ್ಲಿ ದೂರದ ಕಪ್ಪುಹಲಗೆ ಇಲ್ಲ, ಹಾಗಾಗಿ ನಮಗೆ ತಿಳಿಯಲೇ ಇಲ್ಲ. ಆಮೇಲಿನಿಂದ ವರ್ಷಕ್ಕೊಮ್ಮೆ ಆರೂ ಮಕ್ಕಳ ಕಣ್ಣು, ಕಿವಿ, ಹಲ್ಲು ತೋರಿಸುತ್ತೇವೆ, ನೀವೂ ತೋರಿಸಿ.

ಯಾರ ಸರದಿ ಯಾವ ವಾರ ಅಂತ ಕ್ಯಾಲೆಂಡರ್‌ನಲ್ಲಿ ಬರೆದು, ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ನೇತುಹಾಕಿ. ಮಳೆ ಬಂದರೂ ಕೊಡೆ ಹಿಡಿದು ಹೋಗಿ. ಹೋದಾಗ ಪಾಠದ ಮಾತು ಎತ್ತಬೇಡಿ, ಮೊದಲ ಹತ್ತು ನಿಮಿಷ ಮಗು ಏನೂ ಮಾತಾಡದಿದ್ದರೂ ಸುಮ್ಮನೆ ಜೊತೆಗೆ ನಡೆಯಿರಿ.