ಚಿಮಣಿಗೆ ಟೋಪಿ ಹಾಕಲು ಹೋಗಿ

ಹಳೇ ಇಟ್ಟಿಗೆ ಚಿಮಣಿಯೊಳಗೆ ಸ್ಟೀಲ್ ಲೈನರ್, ಅಂದರೆ ಹೊಗೆ ಹೋಗುವ ಕೊಳವೆ, ಇಳಿಸಿ ಕೆಳಗಿನ ಬೆಂಕಿಗೂಡಿನಲ್ಲಿ ಇನ್ಸರ್ಟ್, ಅಂದರೆ ಬಾಗಿಲಿರುವ ಸೌದೆ ಒಲೆ, ಕೂರಿಸುವಾಗ ನನ್ನ ಗಮನವೆಲ್ಲ ಕೆಳಗೇ ಇತ್ತು. ಮೇಲೆ ಲೈನರಿನ ಬಾಯಿಗೆ ಹಾಕುವ ಕ್ಯಾಪ್, ಅಂದರೆ ಸುತ್ತ ಜಾಲರಿ, ನೆತ್ತಿಗೆ ಮುಚ್ಚಳ ಇರುವ ಟೋಪಿ, ನೆನಪಾದದ್ದು ಕೊನೆಗೆ. ಕಿಡಿ ಹಾರಬಾರದು, ಹಕ್ಕಿ ನುಗ್ಗಬಾರದು ಅಂತ ತೀರಾ ಸಣ್ಣ ಕಣ್ಣಿನ ಜಾಲರಿ ಇರುವುದನ್ನೇ ತಂದೆ. ಚಿಮಣಿಗೆ ಟೋಪಿ ಹಾಕಲು ಹೋದರೆ ಅದೇ ನನಗೆ ಟೋಪಿ ಹಾಕಿತು. ಎರಡೇ ತಿಂಗಳಲ್ಲಿ ಒಂದು ಸಂಜೆ ಒಲೆಯ ಬಾಗಿಲು ತೆಗೆದರೆ ಹೊಗೆಯೆಲ್ಲ ಕೋಣೆಗೆ ಬಂತು. ಮರುದಿನ ಮೇಲೆ ಹತ್ತಿ ನೋಡಿದೆ. ಜಾಲರಿಗೆ ಡಾಂಬರು ಬಳಿದ ಹಾಗಿತ್ತು.

ಇನ್ಸರ್ಟ್ ಒಲೆ ಶಾಖವನ್ನು ಮನೆಗೇ ಉಳಿಸಿಕೊಳ್ಳುತ್ತದೆ. ಹಾಗಾಗಿ ತೆರೆದ ಬೆಂಕಿಯ ಹೊಗೆಗಿಂತ ಇದರ ಹೊಗೆ ತಣ್ಣಗೆ. ಅದರಲ್ಲಿನ ಅಂಟು, ಅಂದರೆ ಕ್ರಿಯೋಸೋಟ್, ತಣ್ಣಗಿನ ಲೋಹ ಸಿಕ್ಕಲ್ಲಿ ಕೂರುತ್ತದೆ. ಗಾಳಿಗೆ ಮೈಯೊಡ್ಡಿ ನಿಂತ ಜಾಲರಿಗಿಂತ ತಣ್ಣಗಿನದು ಇನ್ನೇನಿದೆ? ನಾನೋ, ಅರೆಒಣಗಿದ ಸೌದೆ ತುಂಬಿ, ಗಾಳಿ ಕಿಂಡಿ ಮುಚ್ಚಿ, ರಾತ್ರಿಯಿಡೀ ಹೊಗೆಯಾಡಲು ಬಿಡುತ್ತಿದ್ದೆ.

ಜಾಲರಿಯ ಕಣ್ಣು ಸುಮಾರು ಅರ್ಧ ಇಂಚು ಇರಲಿ. ಜಾಲರಿಯೇ ಬೇಡ ಅನ್ನುವವರೂ ಇದ್ದಾರೆ. ಆದರೆ ಹತ್ತಿರ ಒಣಹುಲ್ಲು, ಕಾಡು ಇದ್ದರೆ ಆ ಮಾತು ಕೇಳಬೇಡಿ. ಕೆಲವು ಕಡೆ ಜಾಲರಿ ಕಡ್ಡಾಯ, ವಿಚಾರಿಸಿಕೊಳ್ಳಿ. ಇನ್ನೊಂದು, ಮುಚ್ಚಳ ಬಿಚ್ಚಲು ಬರಬೇಕು. ನನ್ನ ಮೊದಲ ಕ್ಯಾಪಿಗೆ ರಿವೆಟ್ ಹೊಡೆದಿದ್ದರು. ಮಸಿ ಉಜ್ಜುವ ಬ್ರಷ್ ಇಳಿಸಲು ಇಡೀ ಕ್ಯಾಪನ್ನೇ ಕೀಳಬೇಕಾಯಿತು.

ಮುಚ್ಚಳದ ಎತ್ತರಕ್ಕೆ ಸಣ್ಣ ಲೆಕ್ಕವಿದೆ. 6 ಇಂಚಿನ ಲೈನರಿನ ಬಾಯಿ ಸುಮಾರು 28 ಚದರ ಇಂಚು. ಬಾಯಿಗೂ ಮುಚ್ಚಳಕ್ಕೂ ನಡುವೆ ಸುತ್ತಲೂ ಒಂದೂವರೆ ಇಂಚು ಸಂದು ಬಿಟ್ಟರೂ ಹೊಗೆಗೆ ಅಷ್ಟೇ ಜಾಗ ಸಿಗುತ್ತದೆ. ಆದರೆ ಅದು ಬರೀ ಲೆಕ್ಕ. ಜಾಲರಿ ಒಂದಿಷ್ಟು ತಿನ್ನುತ್ತದೆ, ಮಸಿ ಇನ್ನೊಂದಿಷ್ಟು. ನಾನೀಗ ನಾಲ್ಕು ಇಂಚು ಸಂದಿರುವುದನ್ನು ಹಾಕಿದ್ದೇನೆ. ತೀರಾ ಎತ್ತರವಾದರೆ ಇರಚಲು ಒಳಗೆ ಬೀಳುತ್ತದೆ, ಅದಕ್ಕೆ ಮುಚ್ಚಳ ಅಗಲವಾಗಿರಬೇಕು.

ಕೊಳ್ಳುವ ಮುಂಚೆ ಲೈನರಿನ ಒಳ ಅಳತೆ, ಹೊರ ಅಳತೆ ಎರಡೂ ಬರೆದಿಟ್ಟುಕೊಳ್ಳಿ. ಕೆಲವು ಕ್ಯಾಪ್ ಒಳಗೆ ಕೂರುತ್ತವೆ, ಕೆಲವು ಹೊರಗಿಂದ ಕ್ಲಾಂಪ್ ಹಿಡಿಯುತ್ತವೆ. ಲೈನರಿಗೂ ಹಳೇ ಚಿಮಣಿಗೂ ನಡುವಿನ ಜಾಗ ಮುಚ್ಚುವುದು ಕ್ಯಾಪ್ ಅಲ್ಲ, ಅದರ ಕೆಳಗಿನ ಟಾಪ್ ಪ್ಲೇಟ್. ಪ್ಲೇಟಿನ ಅಂಚಿಗೆ ಸೀಲಂಟ್ ಸರಿಯಾಗಿ ಹಚ್ಚದಿದ್ದರೆ ಎಂಥ ಕ್ಯಾಪ್ ತಂದರೂ ನೀರು ಇಳಿಯುತ್ತದೆ.

ಸತು ಬಳಿದ ತಗಡಿನದು ಬೇಡ, ತುಕ್ಕು ಹಿಡಿಯುತ್ತದೆ. ಲೈನರಿನಂತೆ ಕ್ಯಾಪೂ ಸ್ಟೇನ್‌ಲೆಸ್ ಇರಲಿ, ಸ್ಕ್ರೂಗಳೂ ಅಷ್ಟೆ. ಗಾಳಿ ಬಂದತ್ತ ಬೆನ್ನು ಮಾಡಿ ತಿರುಗುವ ಕ್ಯಾಪ್ ನೋಡಲು ಚಂದ. ಮಸಿ ಹಿಡಿದು ತಿರುಗದೆ ನಿಂತರೆ ಮಾತ್ರ ಫಜೀತಿ. ಗಾಳಿ ಹೊಗೆಯನ್ನು ಕೆಳಕ್ಕೆ ತಳ್ಳುತ್ತಿದೆ ಅಂತ ಖಾತ್ರಿಯಾಗುವವರೆಗೆ ನಾನಂತೂ ಅದರ ತಂಟೆಗೆ ಹೋಗೆನು.

ಈಗ ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಅಂಗಳದಿಂದಲೇ ಬೈನಾಕ್ಯುಲರ್ ಹಿಡಿದು ನೋಡುತ್ತೇನೆ. ಜಾಲರಿಯ ಕಣ್ಣಲ್ಲಿ ಆಕಾಶ ಕಂಡರೆ ಏಣಿ ಅಲ್ಲೇ ಒರಗಿರುತ್ತದೆ.